ಪ್ಯಾಚ್ ಹಾಕುವ ಮೊದಲು ಮುಳ್ಳು ಹುಡುಕಿ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಕಂಪ್ಯೂಟರ್ ಕ್ಷೇತ್ರದಲ್ಲಿ ಇರುವ ಅವಕಾಶಗಳ ಬಗ್ಗೆ ಮಾತನಾಡಬೇಕೆಂದು ಸಂಘದವರು ನನ್ನನ್ನು ಕರೆದರು. ಅವಕಾಶಗಳ ಪಟ್ಟಿಯನ್ನು ನೀವು ಪತ್ರಿಕೆಗಳಲ್ಲಿ ಓದಿಯೇ ಇರುತ್ತೀರಿ. ಆದ್ದರಿಂದ ನಾನು ಮಾಡುತ್ತಾ ಬಂದಿರುವ ಒಂದೇ ಒಂದು ಕೆಲಸದ ಬಗ್ಗೆ ಹೇಳುತ್ತೇನೆ. ಅದು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಕರ್ನಲ್‌ನಲ್ಲಿರುವ ದೋಷಗಳನ್ನು ಹುಡುಕಿ ಸರಿಪಡಿಸುವ ಕೆಲಸ. ಬೆಳಿಗ್ಗೆ ಚಹಾ ಕುಡಿಯುವಾಗ ಹಿರಿಯರೊಬ್ಬರು, “ಏನು ಕೆಲಸ ಮಾಡುತ್ತೀಯಪ್ಪಾ?” ಎಂದು ಕೇಳಿದರು. “ಕರ್ನಲ್ ಕೆಲಸ” ಎಂದೆ. “ಮಾಷಾ ಅಲ್ಲಾಹ್, ಸೈನ್ಯದಲ್ಲಿ ಅಷ್ಟು ದೊಡ್ಡ ಹುದ್ದೆಯೇ!” ಎಂದು ಸಂತೋಷಪಟ್ಟರು. ಅವರನ್ನು ನಿರಾಶೆಗೊಳಿಸಿದ್ದಕ್ಕೆ ಕ್ಷಮೆ ಇರಲಿ. ನಾನು ಹೇಳುವ ಕರ್ನಲ್ ಎಂದರೆ ತಿರುಳು, ಕಾಯಿಯೊಳಗಿನ ಬೀಜ.

ಆ ತಿರುಳಿನ ವಿಷಯಕ್ಕೆ ಬರುವ ಮೊದಲು ನಮ್ಮ ಮನೆಯ ಒಂದು ಮಾತು. ನನ್ನ ಅಬ್ಬ ಸೈಕಲ್ ಅಂಗಡಿ ಇಟ್ಟುಕೊಂಡಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿ ಪಂಕ್ಚರ್ ಹಾಕುತ್ತಿದ್ದೆ. ಈ ಕೆಲಸವನ್ನು ಹಗುರವಾಗಿ ಆಡಿಕೊಳ್ಳುವವರಿದ್ದಾರೆ, ನಿಮಗೆ ಗೊತ್ತು. ನನಗೆ ಮಾತ್ರ ನನ್ನ ವೃತ್ತಿಯ ಮೊದಲ ಪಾಠ ಸಿಕ್ಕಿದ್ದು ಅಲ್ಲಿಯೇ. ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿದರೆ ಗುಳ್ಳೆ ಬರುತ್ತದೆ, ತೂತು ಎಲ್ಲಿದೆ ಎಂದು ತಿಳಿಯುತ್ತದೆ. ಉಜ್ಜಿ, ಸೊಲ್ಯೂಷನ್ ಹಚ್ಚಿ, ಪ್ಯಾಚ್ ಅಂಟಿಸಿದರೆ ಕೆಲಸ ಮುಗಿಯಿತೆಂದು ಹುಡುಗನಾಗಿದ್ದ ನಾನು ತಿಳಿದಿದ್ದೆ. ಅಬ್ಬ ಬಿಡುತ್ತಿರಲಿಲ್ಲ. ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಹುಡುಕಬೇಕು. ಮುಳ್ಳು ಸಿಗದೆ ಟ್ಯೂಬನ್ನು ಒಳಗೆ ಹಾಕುವಂತಿಲ್ಲ. ಹಾಕಿದರೆ ಅದೇ ಗಿರಾಕಿ ಮರುದಿನ ಸೈಕಲ್ ತಳ್ಳಿಕೊಂಡು ಬರುತ್ತಾನೆ. ಕರ್ನಲ್ ದೋಷಕ್ಕೆ ಬರೆಯುವ ತಿದ್ದುಪಡಿಗೂ ಪ್ಯಾಚ್ ಎಂದೇ ಹೆಸರು. ಹೆಸರು ಮಾತ್ರವಲ್ಲ, ನಿಯಮವೂ ಒಂದೇ ಎಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ, ಇತರರಿಗೆ ನಷ್ಟವಾದ ಮೇಲೆ. ಅದನ್ನು ಮುಂದೆ ಹೇಳುತ್ತೇನೆ.

ಕರ್ನಲ್ ಏನು ಮಾಡುತ್ತದೆ? ನಿಮ್ಮ ಕಂಪ್ಯೂಟರಿನಲ್ಲಿ ಒಂದೇ ಸಮಯಕ್ಕೆ ಹತ್ತಾರು ಪ್ರೋಗ್ರಾಂಗಳು ನಡೆಯುತ್ತಿರುತ್ತವೆ. ಪ್ರೊಸೆಸರ್ ಯಾರಿಗೆ ಎಷ್ಟು ಹೊತ್ತು ಸಿಗಬೇಕು, ಮೆಮೊರಿಯಲ್ಲಿ ಯಾರಿಗೆ ಎಷ್ಟು ಜಾಗ, ಡಿಸ್ಕಿಗೆ ಬರೆಯುವವರು ಯಾರು, ಕೀಲಿಮಣೆಯಿಂದ ಬಂದ ಅಕ್ಷರ ಯಾರಿಗೆ ಸೇರಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಕರ್ನಲ್. ಯಂತ್ರಾಂಶದ ಜೊತೆ ನೇರವಾಗಿ ವ್ಯವಹರಿಸುವುದೂ ಅದೇ. ಸಾಮಾನ್ಯ ಪ್ರೋಗ್ರಾಂ ತಪ್ಪಿದರೆ ಕರ್ನಲ್ ಅದನ್ನು ನಿಲ್ಲಿಸಿ ಉಳಿದವರನ್ನು ಕಾಪಾಡುತ್ತದೆ. ಆದರೆ ಕರ್ನಲ್ಲೇ ತಪ್ಪಿದರೆ ಅದನ್ನು ಕಾಪಾಡುವವರು ಯಾರೂ ಇಲ್ಲ. ಯಂತ್ರ ನಿಂತುಹೋಗಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ನಿಲ್ಲದೆ ತಪ್ಪು ಲೆಕ್ಕ ಬರೆಯುತ್ತಾ ಹೋಗಬಹುದು.

ಲಿನಕ್ಸನ್ನು 1991ರಲ್ಲಿ ಆರಂಭಿಸಿದವರು ಲಿನಸ್ ಟೊರ್ವಾಲ್ಡ್ಸ್. ಆಗ ಅವರು ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, ವಯಸ್ಸು 21. ಮೊದಲ ಆವೃತ್ತಿಯಲ್ಲಿ ಸುಮಾರು 10 ಸಾವಿರ ಸಾಲುಗಳಿದ್ದವು. 1992ರಲ್ಲಿ ಅದನ್ನು ಜಿಪಿಎಲ್ ಎಂಬ ಪರವಾನಗಿಯಡಿ ಬಿಟ್ಟರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿದ್ದನ್ನು ಹಂಚುವಾಗ ಮೂಲ ಕೋಡನ್ನೂ ಕೊಡಬೇಕು ಎಂಬುದು ಅದರ ಕರಾರು. ಇಂದು ಅದು 3 ಕೋಟಿ ಸಾಲುಗಳನ್ನು ದಾಟಿದೆ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗಿರುವುದು ಅದೇ ಕರ್ನಲ್. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳೆಲ್ಲವೂ 2017ರ ನವೆಂಬರಿನಿಂದ ಲಿನಕ್ಸಿನ ಮೇಲೆಯೇ ನಡೆಯುತ್ತಿವೆ. ಇಷ್ಟು ದೊಡ್ಡ ಕೆಲಸದ ಒಳಗೆ ದೋಷಗಳು ಇಲ್ಲದಿರುತ್ತವೆಯೇ? ಖಂಡಿತ ಇರುತ್ತವೆ. ಅವುಗಳಲ್ಲಿ ಒಂದು ನನ್ನ ಪಾಲಿಗೆ ಬಂತು.

ನಾನು ಕೆಲಸಕ್ಕೆ ಸೇರಿದ ಹೊಸತು. ಒಂದು ಅಕ್ಕಿ ಗಿರಣಿಯ ವೇ ಬ್ರಿಡ್ಜ್‌ನಲ್ಲಿ, ಅಂದರೆ ಲಾರಿ ತೂಗುವ ಕಟ್ಟೆಯಲ್ಲಿ, ಲಿನಕ್ಸ್ ಹಾಕಿದ ಒಂದು ಕಂಪ್ಯೂಟರ್ ಇತ್ತು. ತೂಕದ ಯಂತ್ರದಿಂದ ಯುಎಸ್‌ಬಿ ಕೇಬಲ್ ಮೂಲಕ ಅಂಕಿ ಬರುತ್ತಿತ್ತು. ಗುಡುಗು ಶುರುವಾದರೆ ಅಲ್ಲಿನ ಗುಮಾಸ್ತರು ಸಿಡಿಲಿನ ಭಯಕ್ಕೆ ಕೇಬಲ್ ಕಿತ್ತಿಡುತ್ತಿದ್ದರು. ಹಾಗೆ ಕಿತ್ತಾಗ ಇಪ್ಪತ್ತಕ್ಕೊಂದು ಸಲ ಕಂಪ್ಯೂಟರ್ ಕಲ್ಲಿನಂತೆ ನಿಂತುಬಿಡುತ್ತಿತ್ತು. ಪರದೆಯ ಮೇಲೆ ‘ಊಪ್ಸ್’ ಎಂಬ ತಲೆಬರಹದ ಕೆಳಗೆ ಒಂದಿಷ್ಟು ಅಂಕಿಗಳು. ಕರ್ನಲ್ ತಾನು ಎಡವಿದ ಜಾಗವನ್ನು ಹೇಳುವ ವರದಿಗೆ ಅದೇ ಹೆಸರು. ಎಡವಿದ ಕ್ಷಣದಲ್ಲಿ ಯಾವ ಫಂಕ್ಷನ್ ನಡೆಯುತ್ತಿತ್ತು, ಅದನ್ನು ಕರೆದವರು ಯಾರು, ಅವರನ್ನು ಕರೆದವರು ಯಾರು ಎಂಬ ಸರಪಳಿ ಅದರಲ್ಲಿರುತ್ತದೆ.

ನಾನು ವರದಿ ಓದಿದೆ. ಆ ಉಪಕರಣದ ಡ್ರೈವರ್, ಅಂದರೆ ಅದನ್ನು ನಡೆಸುವ ಕರ್ನಲ್ ಭಾಗ, ಒಂದು ವಿಳಾಸವನ್ನು ಬಳಸಲು ಹೋಗಿ ಬಿದ್ದಿತ್ತು. ವಿಳಾಸ ಇರಬೇಕಾದ ಕಡೆ ಸೊನ್ನೆ ಇತ್ತು. ನಾನು ಮಾಡಿದ್ದೇನು? ‘ವಿಳಾಸ ಸೊನ್ನೆಯಾಗಿದ್ದರೆ ಏನೂ ಮಾಡದೆ ಹಿಂದಿರುಗು’ ಎಂದು ಎರಡು ಸಾಲು ಸೇರಿಸಿದೆ. ಇಪ್ಪತ್ತು ಸಲ ಕೇಬಲ್ ಕಿತ್ತು ನೋಡಿದೆ, ನಿಲ್ಲಲಿಲ್ಲ. ಮೂವತ್ತು ಸಲ ಕಿತ್ತೆ, ನಿಲ್ಲಲಿಲ್ಲ. ಗಿರಣಿಯವರಿಗೆ ಹಾಕಿಕೊಟ್ಟು ಬಂದೆ. ಹೆಮ್ಮೆಯಿಂದ ಆ ಪ್ಯಾಚನ್ನು ಲಿನಕ್ಸಿನ ಆ ಭಾಗವನ್ನು ನೋಡಿಕೊಳ್ಳುವ ನಿರ್ವಾಹಕರಿಗೂ ಕಳುಹಿಸಿದೆ. ಅವರಿಂದ ಎರಡೇ ಪ್ರಶ್ನೆಗಳ ಉತ್ತರ ಬಂತು. ಆ ವಿಳಾಸ ಅಲ್ಲಿ ಸೊನ್ನೆಯಾದದ್ದು ಏಕೆ? ನೀವು ನೋಡಿದ ಮರುಕ್ಷಣವೇ ಅದು ಸೊನ್ನೆಯಾದರೆ ಏನು ಗತಿ?

ನನಗೆ ಸಿಟ್ಟು ಬಂತು. ಇಲ್ಲಿ ಯಂತ್ರ ಸರಿಯಾಗಿ ನಡೆಯುತ್ತಿದೆ, ಇವರು ಎಲ್ಲೋ ಕುಳಿತು ಪ್ರಶ್ನೆ ಕೇಳುತ್ತಿದ್ದಾರೆ ಎನಿಸಿತು. ಉತ್ತರಿಸದೆ ಬಿಟ್ಟೆ.

ಎರಡು ತಿಂಗಳು ಕಳೆಯಿತು. ಬೇಸಿಗೆ ಬೆಳೆಯ ಭತ್ತ ಬರುವ ಕಾಲ. ಒಂದು ಸಂಜೆ ಗುಡುಗಿತು, ಗುಮಾಸ್ತರು ಕೇಬಲ್ ಕಿತ್ತರು, ಯಂತ್ರ ನಿಂತಿತು. ಈ ಸಲ ‘ಊಪ್ಸ್’ ಕೂಡ ಸರಿಯಾಗಿ ಬರಲಿಲ್ಲ. ಮತ್ತೆ ಚಾಲೂ ಮಾಡಿದಾಗ ಮಧ್ಯಾಹ್ನದಿಂದ ತೂಗಿದ ಲಾರಿಗಳ ಲೆಕ್ಕ ಹಾಳಾಗಿತ್ತು. ಆ ಲೆಕ್ಕ ಬರೀ ಗಿರಣಿಯ ಲೆಕ್ಕವಲ್ಲ. ಮೂಟೆ ಇಳಿಸಿದ ಹಮಾಲರಿಗೆ ಕೂಲಿ ಬಟವಾಡೆಯಾಗುತ್ತಿದ್ದುದು ಅದರ ಮೇಲೆಯೇ. ಅವರು ಇಷ್ಟು ಎಂದರು, ಗುಮಾಸ್ತರು ಅಷ್ಟಿಲ್ಲ ಎಂದರು. ರಾತ್ರಿಯವರೆಗೆ ಜಗಳ. ಕೊನೆಗೆ ಹಮಾಲರು ಹೇಳಿದ್ದಕ್ಕಿಂತ ಕಡಿಮೆಗೆ ರಾಜಿಯಾಯಿತು. ಮರುದಿನ ನಾನು ಹೋದಾಗ ವಯಸ್ಸಾದ ಹಮಾಲರೊಬ್ಬರು, “ಸಾಹೇಬ್ರೆ, ನಿಮ್ಮ ಮಿಷಿನ್ ನಮ್ಮ ಅರ್ಧ ದಿನ ತಿಂದು ಹಾಕ್ತು” ಎಂದರು. ಅವರಿಗೆ ಕರ್ನಲ್ ಗೊತ್ತಿಲ್ಲ, ನನಗೆ ಗೊತ್ತಿತ್ತು. ನಾನು ಮುಳ್ಳು ತೆಗೆಯದೆ ಟ್ಯೂಬ್ ಒಳಗೆ ಹಾಕಿದ್ದೆ.

ಆಗ ಆ ಎರಡು ಪ್ರಶ್ನೆಗಳನ್ನು ಮತ್ತೆ ತೆರೆದು ಓದಿದೆ. ಕರ್ನಲ್‌ನಲ್ಲಿ ಒಂದು ಸೌಲಭ್ಯವಿದೆ. ಬಳಸಿ ಬಿಟ್ಟುಕೊಟ್ಟ ಮೆಮೊರಿಯ ತುಂಬ ಅದು ‘6ಬಿ’ ಎಂಬ ಗುರುತನ್ನು ತುಂಬಿಸಿಡುತ್ತದೆ. ಯಾರಾದರೂ ಬಿಟ್ಟುಕೊಟ್ಟ ಜಾಗವನ್ನೇ ಮತ್ತೆ ಬಳಸಿದರೆ ವರದಿಯಲ್ಲಿ 6ಬಿ 6ಬಿ 6ಬಿ ಎಂದು ಕಾಣುತ್ತದೆ. ಅದನ್ನು ಚಾಲೂ ಮಾಡಿ, ಪುಸ್ತಕದಲ್ಲಿ ಗೆರೆ ಹಾಕುತ್ತಾ ನೂರಾರು ಸಲ ಕೇಬಲ್ ಕಿತ್ತು ಹಾಕಿದೆ. ಕೊನೆಗೊಮ್ಮೆ 6ಬಿ ಸಾಲು ಕಾಣಿಸಿತು. ವಿಷಯ ಹೀಗಿತ್ತು. ಡ್ರೈವರ್ ಆಗಾಗ ತೂಕವನ್ನು ಕೇಳಲು ಒಂದು ಟೈಮರ್ ಇಟ್ಟುಕೊಂಡಿತ್ತು. ಕೇಬಲ್ ಕಿತ್ತಾಗ ಡ್ರೈವರ್ ತನ್ನ ಮೆಮೊರಿಯನ್ನು ಬಿಟ್ಟುಕೊಡುತ್ತಿತ್ತು, ಟೈಮರನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ. ಯಂತ್ರದಲ್ಲಿ ಎರಡು ಪ್ರೊಸೆಸರ್‌ಗಳು. ಒಂದು ಮನೆ ಖಾಲಿ ಮಾಡುತ್ತಿರುವಾಗಲೇ ಇನ್ನೊಂದು ಅದೇ ಮನೆಯ ಬಾಗಿಲು ತಟ್ಟುತ್ತಿತ್ತು. ನಾನು ಹಾಕಿದ ತಪಾಸಣೆ ಎಂದರೆ ಬಾಗಿಲ ಸಂದಿಯಿಂದ ಇಣುಕಿ ‘ಒಳಗೆ ಜನ ಇದ್ದಾರೆ’ ಎಂದು ನೋಡಿದಂತೆ. ನೋಡಿದ ಮೇಲೆ ಒಳಗೆ ಕಾಲಿಡುವಷ್ಟರಲ್ಲಿ ಮನೆ ಖಾಲಿಯಾದರೆ? ನನ್ನ ಎರಡು ಸಾಲುಗಳು ದೋಷವನ್ನು ತೆಗೆದಿರಲಿಲ್ಲ, ಅಪರೂಪ ಮಾಡಿದ್ದವು ಅಷ್ಟೇ. ಅಪರೂಪವಾದ ದೋಷ ಇನ್ನೂ ಕೆಟ್ಟದ್ದು, ಏಕೆಂದರೆ ಅದನ್ನು ಹಿಡಿಯುವುದು ಕಷ್ಟ.

ನಿಜವಾದ ತಿದ್ದುಪಡಿ ಒಂದೇ ಸಾಲು: ಮೊದಲು ಟೈಮರ್ ನಿಲ್ಲಿಸು, ಅದು ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯು, ಆಮೇಲೆ ಮೆಮೊರಿ ಬಿಟ್ಟುಕೊಡು. ಆ ಒಂದು ಸಾಲಿಗೆ ಮೂರು ವಾರ ಹಿಡಿಯಿತು. ನನ್ನ ಹಳೆಯ ಎರಡು ಸಾಲುಗಳನ್ನು ತೆಗೆದುಹಾಕಿದೆ. ನಿರ್ವಾಹಕರು ಅದನ್ನು ಸ್ವೀಕರಿಸಿದರು. ಹಮಾಲರ ಅರ್ಧ ದಿನ ಮಾತ್ರ ಹಿಂದಿರುಗಿ ಬರಲಿಲ್ಲ.

ಇದು ಒಬ್ಬ ಅನನುಭವಿಯ ಕಥೆ ಎಂದು ನೀವು ಭಾವಿಸಬಾರದು. ಬಹಳ ದೊಡ್ಡವರಿಗೂ ಹೀಗಾಗಿದೆ. ಎಲ್ಲರಿಗೂ ತೆರೆದಿರುವ ದಾಖಲೆಗಳಿಂದ ಮೂರು ಪ್ರಸಂಗಗಳನ್ನು ಹೇಳುತ್ತೇನೆ.

ಮೊದಲನೆಯದು 2008ರದು. ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳನ್ನು ಹಾಕಿಕೊಂಡ ಕೆಲವರ ಇಂಟೆಲ್ ನೆಟ್‌ವರ್ಕ್ ಕಾರ್ಡುಗಳು ಸತ್ತುಹೋಗತೊಡಗಿದವು. ಕಾರ್ಡಿನೊಳಗೆ ಶಾಶ್ವತವಾಗಿ ಬರೆದಿಟ್ಟ ಮಾಹಿತಿಯೇ ಅಳಿಸಿಹೋಗುತ್ತಿತ್ತು. ಎಲ್ಲರ ಕಣ್ಣು ಆ ಕಾರ್ಡಿನ ಡ್ರೈವರ್ ಮೇಲೆ. ಹುಡುಕುತ್ತಾ ಹೋದರೆ ತಪ್ಪು ಇದ್ದದ್ದು ಎಫ್‌ಟ್ರೇಸ್ ಎಂಬ, ನೆಟ್‌ವರ್ಕಿಗೆ ಸಂಬಂಧವೇ ಇಲ್ಲದ ಭಾಗದಲ್ಲಿ. ಕರ್ನಲ್ ನಡೆಯುವ ದಾರಿಯನ್ನು ಗಮನಿಸಲು ಅದು ಕೋಡಿನ ಕೆಲವು ಜಾಗಗಳ ವಿಳಾಸ ಬರೆದಿಟ್ಟುಕೊಂಡು, ನಂತರ ಅಲ್ಲಿ ತಿದ್ದುತ್ತಿತ್ತು. ಅಷ್ಟರಲ್ಲಿ ಆ ಕೋಡಿನ ಕೆಲಸ ಮುಗಿದು ಜಾಗ ಖಾಲಿಯಾಗಿ, ಅದೇ ವಿಳಾಸ ನೆಟ್‌ವರ್ಕ್ ಕಾರ್ಡಿಗೆ ಹಂಚಿಕೆಯಾಗಿರುತ್ತಿತ್ತು. ಹಳೆಯ ವಿಳಾಸ ನಂಬಿ ಬರೆದದ್ದು ಹೊಸ ಬಾಡಿಗೆದಾರರ ಮನೆಯೊಳಗೆ! ಕಾರಣ ತಿಳಿಯುವ ಮೊದಲೇ ಇನ್ನಷ್ಟು ಕಾರ್ಡುಗಳು ಹಾಳಾಗದಂತೆ ಆ ಮಾಹಿತಿಗೆ ಬೀಗ ಹಾಕುವ ಪ್ಯಾಚ್ ಬಂತು. ಕಾರಣ ತಿಳಿದ ಮೇಲೆ 2.6.27.1 ಆವೃತ್ತಿಯಲ್ಲಿ ಎಫ್‌ಟ್ರೇಸಿನ ಆ ವಿಧಾನವನ್ನೇ ನಿಲ್ಲಿಸಿದರು. ರಕ್ತ ನಿಲ್ಲಿಸಲು ಬಟ್ಟೆ ಕಟ್ಟುವುದು ತಪ್ಪಲ್ಲ. ಬಟ್ಟೆ ಕಟ್ಟಿದ್ದನ್ನೇ ಗಾಯ ವಾಸಿಯಾಯಿತೆಂದು ಹೇಳುವುದು ತಪ್ಪು. ನೋವು ಕಾಣುವ ಜಾಗವೇ ರೋಗದ ಜಾಗ ಆಗಿರಬೇಕೆಂದಿಲ್ಲ.

ಎರಡನೆಯದು 2012ರದು. ಭೂಮಿ ತಿರುಗುವ ವೇಗ ಗಡಿಯಾರದಷ್ಟು ನಿಖರವಲ್ಲ. ಅದನ್ನು ಸರಿದೂಗಿಸಲು ಕೆಲವೊಮ್ಮೆ ಜಗತ್ತಿನ ಗಡಿಯಾರಗಳಿಗೆ ಒಂದು ಸೆಕೆಂಡ್ ಸೇರಿಸುತ್ತಾ ಬಂದರು. 2012ರ ಜೂನ್ 30ರ ಅಂತರರಾಷ್ಟ್ರೀಯ ಮಧ್ಯರಾತ್ರಿ, ನಮ್ಮಲ್ಲಿ ಜುಲೈ 1ರ ಬೆಳಗಿನ 5.30, ಹಾಗೊಂದು ಸೆಕೆಂಡ್ ಸೇರಿತು. ರೆಡ್ಡಿಟ್, ಮೊಜಿಲ್ಲಾ ಮುಂತಾದವರ ಸರ್ವರ್‌ಗಳು ತೊಂದರೆಗೆ ಸಿಕ್ಕಿದವು. ಕರ್ನಲ್‌ನಲ್ಲಿ ಗಡಿಯಾರ ನೋಡಿಕೊಳ್ಳುವ ಭಾಗವೊಂದು, ಸೂಕ್ಷ್ಮ ಟೈಮರ್‌ಗಳನ್ನು ನೋಡಿಕೊಳ್ಳುವ ಭಾಗವೊಂದು. ಗಡಿಯಾರದ ಭಾಗ ಒಂದು ಸೆಕೆಂಡ್ ಹಿಂದೆ ಸರಿಯಿತು, ಆದರೆ ಟೈಮರ್ ಭಾಗಕ್ಕೆ ಆ ಸುದ್ದಿ ಮುಟ್ಟಿಸಲಿಲ್ಲ. ‘ಅರ್ಧ ಸೆಕೆಂಡ್ ಬಿಟ್ಟು ಎಬ್ಬಿಸು’ ಎಂದು ಮಲಗಿದ ಪ್ರೋಗ್ರಾಂ, ಹೊತ್ತು ಮೀರಿದೆ ಎಂದು ತಕ್ಷಣ ಎದ್ದಿತು. ಮತ್ತೆ ಮಲಗಿತು, ಮತ್ತೆ ಎದ್ದಿತು. ಪ್ರೊಸೆಸರ್ ಪೂರ್ತಿ ಇದಕ್ಕೇ ಸವೆಯಿತು. ಆ ದಿನ ಆಡಳಿತಗಾರರು ಕಂಡುಕೊಂಡ ಉಪಾಯ ವಿಚಿತ್ರವಾದದ್ದು: ಕಂಪ್ಯೂಟರಿನ ದಿನಾಂಕವನ್ನು ಅದೇ ದಿನಾಂಕಕ್ಕೆ ಮತ್ತೊಮ್ಮೆ ಹೊಂದಿಸಿದರೆ ಸರಿಹೋಗುತ್ತಿತ್ತು! ಏಕೆಂದರೆ ದಿನಾಂಕ ಹೊಂದಿಸಿದಾಗ ಸುದ್ದಿ ಟೈಮರ್ ಭಾಗಕ್ಕೂ ಹೋಗುತ್ತದೆ. ಉಪಾಯದಿಂದ ಯಂತ್ರಗಳು ಸುಧಾರಿಸಿದವು. ಕರ್ನಲ್ ಅಭಿವೃದ್ಧಿಕಾರರು ಅಲ್ಲಿಗೆ ನಿಲ್ಲಲಿಲ್ಲ. ಆ ಸುದ್ದಿಯನ್ನು ತಕ್ಷಣ ಕಳುಹಿಸಲಾಗದಂತಹ ಜಾಗದಲ್ಲಿ ಸೆಕೆಂಡ್ ಸೇರುತ್ತಿತ್ತು. ಆದ್ದರಿಂದ ಸ್ವಲ್ಪ ತಡೆದು, ಸುರಕ್ಷಿತವಾದ ಜಾಗದಿಂದ ಸುದ್ದಿ ಕಳುಹಿಸುವ ದಾರಿಯನ್ನು ಬರೆದರು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. 2016ರಲ್ಲಿ ಫಿಲ್ ಓಸ್ಟರ್ ಎಂಬವರು, ತಾವು ನೋಡಿಕೊಳ್ಳುತ್ತಿದ್ದ ಸರ್ವರ್‌ಗೆ ಬರುವ ಸಂಚಾರವನ್ನು ದಾಖಲಿಸಿಡುತ್ತಿದ್ದರು. ಅದರಿಂದಲೇ ದಾಳಿಕೋರರು ಬಳಸಿದ ಒಂದು ಪ್ರೋಗ್ರಾಂ ಅವರಿಗೆ ಸಿಕ್ಕಿತು. ಸಾಮಾನ್ಯ ಬಳಕೆದಾರ ಅದನ್ನು ನಡೆಸಿದರೆ ಇಡೀ ಯಂತ್ರದ ಒಡೆಯನಾಗಬಹುದಿತ್ತು. ಈ ದೋಷಕ್ಕೆ ‘ಡರ್ಟಿ ಕೌ’ ಎಂಬ ಹೆಸರು ಬಂತು. ಕೌ ಎಂದರೆ ಹಸುವಲ್ಲ, ‘ಕಾಪಿ ಆನ್ ರೈಟ್’ ಎಂಬುದರ ಮೊದಲಕ್ಷರಗಳು: ಬರೆಯುವ ಸಂದರ್ಭ ಬಂದಾಗ ನಕಲು ಮಾಡು.

ಒಂದು ಕಚೇರಿಯ ಮೂಲ ರಿಜಿಸ್ಟರನ್ನು ನೆನಪಿಸಿಕೊಳ್ಳಿ. ಓದುವವರೆಲ್ಲರಿಗೂ ಅದನ್ನೇ ತೋರಿಸುತ್ತಾರೆ. ಯಾರಾದರೂ ಅದರಲ್ಲಿ ಬರೆಯಬೇಕೆಂದರೆ ಗುಮಾಸ್ತರು ಒಂದು ಜೆರಾಕ್ಸ್ ಮಾಡಿಸಿ, ‘ಇದರ ಮೇಲೆ ಬರೆದುಕೊಳ್ಳಿ’ ಎಂದು ಕೊಡುತ್ತಾರೆ. ಮೂಲ ಸುರಕ್ಷಿತ. ಕರ್ನಲ್ ಮೆಮೊರಿಯನ್ನು ಹೀಗೆಯೇ ಹಂಚುತ್ತದೆ. ಈಗ ಗುಮಾಸ್ತರು ಜೆರಾಕ್ಸ್ ಮಾಡಿಸಿ, ‘ನಕಲು ಆಗಿದೆ, ಇನ್ನು ಬರೆಯುವವರು ಎಂದು ವಿಶೇಷವಾಗಿ ನೋಡಬೇಕಾಗಿಲ್ಲ’ ಎಂದು ಮನಸ್ಸಿನಲ್ಲಿಟ್ಟುಕೊಂಡರು. ಅದೇ ಕ್ಷಣ ಆ ವ್ಯಕ್ತಿಯ ಜೊತೆಗಾರ ಬಂದು ಜೆರಾಕ್ಸನ್ನು ಹರಿದು ಬಿಸಾಡಿದ. ಗುಮಾಸ್ತರು ಕೈ ಚಾಚಿದಾಗ ಸಿಕ್ಕಿದ್ದು ಮೂಲ ರಿಜಿಸ್ಟರ್. ನಕಲೆಂದೇ ನಂಬಿ ಅದನ್ನೇ ಕೊಟ್ಟರು. ಬರೆದದ್ದು ಮೂಲದ ಮೇಲೆ! ಎರಡು ಕೆಲಸಗಳ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಮೂರನೆಯದೊಂದು ನುಗ್ಗುವ ಇಂತಹ ದೋಷವನ್ನು ‘ರೇಸ್’, ಅಂದರೆ ಓಟದ ಪೈಪೋಟಿ ಎನ್ನುತ್ತಾರೆ. ನನ್ನ ತೂಕದ ಯಂತ್ರದ ದೋಷವೂ ಇದೇ ಜಾತಿಯದು.

ಈ ದೋಷ 2007ರ 2.6.22 ಆವೃತ್ತಿಯಿಂದ ಅಲ್ಲಿತ್ತು. 2016ರ ಅಕ್ಟೋಬರಿನಲ್ಲಿ ತಿದ್ದುಪಡಿ ಬರೆದವರು ಸ್ವತಃ ಲಿನಸ್. ‘ನಕಲು ಆಗಿದೆ’ ಎಂಬುದಕ್ಕೆ ಪ್ರತ್ಯೇಕ ಗುರುತು ಇಟ್ಟು, ಕೈಯಲ್ಲಿರುವುದು ನಿಜವಾಗಿ ನಕಲೇ ಎಂದು ನೋಡಿಯೇ ಬರೆಯಲು ಬಿಡಬೇಕೆಂದು ಮಾಡಿದರು. ಆ ಪ್ಯಾಚಿನ ಜೊತೆಗಿನ ವಿವರಣೆಯಲ್ಲಿ ಅವರು ಒಂದು ವಿಷಯವನ್ನು ಮುಚ್ಚಿಡದೆ ಬರೆದಿದ್ದಾರೆ. ಇದು ಹಳೆಯ ದೋಷ. ಹನ್ನೊಂದು ವರ್ಷಗಳ ಹಿಂದೆ ತಾವೇ ಇದನ್ನು ಸರಿಪಡಿಸಲು ಹೋಗಿ ಸರಿಯಾಗಿ ಮಾಡಿರಲಿಲ್ಲ. ಎಸ್390 ಎಂಬ ಬಗೆಯ ಯಂತ್ರಗಳಲ್ಲಿ ತೊಂದರೆಯಾದ್ದರಿಂದ ಆ ತಿದ್ದುಪಡಿಯನ್ನು ಹಿಂದೆಗೆದುಕೊಳ್ಳಲಾಗಿತ್ತು. ಇಡೀ ಜಗತ್ತು ಓದುವ ದಾಖಲೆಯಲ್ಲಿ, ತಾವೇ ಕಟ್ಟಿದ ವ್ಯವಸ್ಥೆಯ ಬಗ್ಗೆ, ತಮ್ಮದೇ ತಪ್ಪನ್ನು ಅವರು ಹೀಗೆ ಬರೆದರು. ಕಥೆ ಅಲ್ಲಿಗೂ ಮುಗಿಯಲಿಲ್ಲ. ಮೆಮೊರಿಯ ದೊಡ್ಡ ಪುಟಗಳ ವಿಷಯದಲ್ಲಿ ಆ ತಿದ್ದುಪಡಿಯೂ ಅಪೂರ್ಣವೆಂದು 2017ರಲ್ಲಿ ಇತರರು ಕಂಡುಹಿಡಿದರು. ಅದನ್ನೂ ಸರಿಪಡಿಸಿದರು, ಅದನ್ನೂ ಬರೆದಿಟ್ಟರು.

ಹಾಗಾದರೆ ಮುಳ್ಳು ಹುಡುಕುವುದು ಹೇಗೆ? ಮೊದಲು ದೋಷವನ್ನು ಬೇಕೆಂದಾಗ ಮರುಕಳಿಸುವಂತೆ ಮಾಡಬೇಕು. ಬರದ ದೋಷವನ್ನು ಸರಿಪಡಿಸಿದೆ ಎಂದು ಹೇಳಲು ಸಾಧ್ಯವಿಲ್ಲ. ಎರಡನೆಯದು, ಯಾವ ಬದಲಾವಣೆಯಿಂದ ಬಂತು ಎಂದು ಪತ್ತೆ ಮಾಡುವುದು. ಹಳೆಯ ಆವೃತ್ತಿ ಸರಿಯಿತ್ತು, ಹೊಸದು ಕೆಟ್ಟಿದೆ, ನಡುವೆ 10 ಸಾವಿರ ಬದಲಾವಣೆಗಳಾಗಿವೆ ಎನ್ನೋಣ. ಒಂದೊಂದನ್ನೇ ನೋಡಬೇಕಾಗಿಲ್ಲ. ನಡುವಿನದನ್ನು ಪರೀಕ್ಷಿಸಿ, ಸರಿಯಿದ್ದರೆ ತಪ್ಪು ಆಚೆ ಅರ್ಧದಲ್ಲಿ, ಕೆಟ್ಟಿದ್ದರೆ ಈಚೆ ಅರ್ಧದಲ್ಲಿ. ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ ಸುಮಾರು 14 ಪರೀಕ್ಷೆಗಳಲ್ಲಿ ಆ ಒಂದು ಬದಲಾವಣೆ ಕೈಗೆ ಸಿಗುತ್ತದೆ. ಲಿನಸ್ ಅವರೇ 2005ರಲ್ಲಿ ಆರಂಭಿಸಿದ ಗಿಟ್ ಎಂಬ ತಂತ್ರಾಂಶ ಈ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಗಣಿತದಲ್ಲಿ ಲಾಗರಿದಮ್ ಏತಕ್ಕೆ ಎಂದು ಕೇಳುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಉಪಕರಣಗಳೂ ಇವೆ. ಬೀಗಗಳನ್ನು ತಪ್ಪು ಕ್ರಮದಲ್ಲಿ ಹಾಕಿದರೆ ಎಚ್ಚರಿಸುವ ಲಾಕ್‌ಡೆಪ್ 2006ರಲ್ಲಿ ಬಂತು. ಬಿಟ್ಟುಕೊಟ್ಟ ಮೆಮೊರಿ ಮುಟ್ಟಿದರೆ ಅಲ್ಲೇ ಹಿಡಿಯುವ ಕೇಸಾನ್ 2015ರಲ್ಲಿ ಬಂತು. ಅದು ನನ್ನ ಕಾಲಕ್ಕೆ ಇದ್ದಿದ್ದರೆ ನೂರಾರು ಸಲ ಕೇಬಲ್ ಕೀಳಬೇಕಾಗಿರಲಿಲ್ಲ. ನಡೆಯುತ್ತಿರುವ ಕರ್ನಲನ್ನು ನಿಲ್ಲಿಸದೆಯೇ ಒಳಗೆ ಇಣುಕುವ ಕೆಪ್ರೋಬ್ಸ್ 2004ರಲ್ಲಿ, ಬಿದ್ದ ಕರ್ನಲಿನ ಮೆಮೊರಿಯನ್ನು ಪರೀಕ್ಷೆಗಾಗಿ ಉಳಿಸಿಕೊಡುವ ಕೆಡಂಪ್ 2005ರಲ್ಲಿ ಲಿನಕ್ಸಿಗೆ ಸೇರಿದವು. ಇವೆರಡರಲ್ಲಿ ಬೆಂಗಳೂರಿನ ಐಬಿಎಂ ಲಿನಕ್ಸ್ ಕೇಂದ್ರದ ಎಂಜಿನಿಯರರ ದೊಡ್ಡ ಪಾಲಿದೆ ಎಂಬುದನ್ನು ಇಲ್ಲಿ ಸಂತೋಷದಿಂದ ಹೇಳುತ್ತೇನೆ. ಇದು ಯಾವುದೋ ದೂರದೇಶದವರ ವಿದ್ಯೆ ಎಂದು ನೀವು ಹಿಂಜರಿಯಬೇಕಾಗಿಲ್ಲ.

ಮುಳ್ಳು ಸಿಕ್ಕ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ಅಬ್ಬ ಮುಳ್ಳನ್ನು ಇಕ್ಕಳದಿಂದ ಕಿತ್ತು ಗಿರಾಕಿಯ ಅಂಗೈಯಲ್ಲಿಟ್ಟು “ಇದೇ ನೋಡಿ” ಎನ್ನುತ್ತಿದ್ದರು. ಕರ್ನಲ್‌ನಲ್ಲೂ ಪ್ಯಾಚಿನ ಜೊತೆ ವಿವರಣೆ ಬರೆಯಬೇಕು: ಏನಾಗುತ್ತಿತ್ತು, ಏಕೆ ಆಗುತ್ತಿತ್ತು, ಇದರಿಂದ ಹೇಗೆ ಸರಿಯಾಗುತ್ತದೆ. ಒಂದು ಸಾಲಿನ ತಿದ್ದುಪಡಿಗೆ ಒಂದು ಪುಟದ ವಿವರಣೆ ಇರುವುದುಂಟು. ದೋಷವನ್ನು ತಂದದ್ದು ಯಾವ ಹಳೆಯ ಬದಲಾವಣೆ ಎಂದು ಹೆಸರಿಸಬೇಕು. ದೋಷ ವರದಿ ಮಾಡಿದವರ ಹೆಸರು, ಪರೀಕ್ಷಿಸಿದವರ ಹೆಸರು, ಓದಿ ಒಪ್ಪಿದವರ ಹೆಸರು ಬರೆಯಬೇಕು. ಕೊನೆಗೆ ನಿಮ್ಮ ಸಹಿ. ಲಿನಕ್ಸಿನಲ್ಲಿ ತನ್ನ ಹಕ್ಕಿನ ಕೋಡ್ ಸೇರಿದೆಯೆಂದು ಎಸ್‌ಸಿಒ ಎಂಬ ಕಂಪನಿ 2003ರಲ್ಲಿ ಐಬಿಎಂ ಮೇಲೆ ದಾವೆ ಹೂಡಿದ ಮೇಲೆ, 2004ರಿಂದ ಈ ಸಹಿಯ ಪದ್ಧತಿ ಬಂತು. ‘ಇದನ್ನು ಕೊಡುವ ಹಕ್ಕು ನನಗಿದೆ, ಇದಕ್ಕೆ ನಾನು ಜವಾಬ್ದಾರ’ ಎಂದು ಅದರ ಅರ್ಥ.

ಈ ನಂಬಿಕೆ ಮುರಿದಾಗ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. ಅಮೆರಿಕದ ಒಂದು ವಿಶ್ವವಿದ್ಯಾಲಯದ ಸಂಶೋಧಕರು, ಪರಿಶೀಲಕರು ಹಿಡಿಯುತ್ತಾರೋ ಇಲ್ಲವೋ ನೋಡಲು 2020ರಲ್ಲಿ ಬೇಕೆಂದೇ ದೋಷವಿರುವ ಪ್ಯಾಚ್‌ಗಳನ್ನು ಕಳುಹಿಸಿದ್ದರು. 2021ರ ಏಪ್ರಿಲ್‌ನಲ್ಲಿ ಇದು ದೊಡ್ಡ ವಿವಾದವಾಗಿ, ಆ ಸಂಸ್ಥೆಯಿಂದ ಬರುವ ಪ್ಯಾಚ್‌ಗಳನ್ನೇ ನಿಲ್ಲಿಸಲಾಯಿತು. ಹಿಂದೆ ಅಲ್ಲಿಂದ ಬಂದ ಒಳ್ಳೆಯ ಪ್ಯಾಚ್‌ಗಳನ್ನೂ ಮತ್ತೆ ಪರಿಶೀಲಿಸಬೇಕಾಯಿತು. ಸಂಶೋಧಕರು ಪ್ರಬಂಧವನ್ನು ಹಿಂದಕ್ಕೆ ಪಡೆದು ಕ್ಷಮೆ ಕೇಳಿದರು. ಕೆಲವರ ನಡತೆಯಿಂದ ಪ್ರಾಮಾಣಿಕರ ದುಡಿಮೆಯೂ ಅನುಮಾನಕ್ಕೆ ಒಳಗಾಯಿತು.

ಪ್ರೀತಿಯ ವಿದ್ಯಾರ್ಥಿಗಳೇ, ಇಂದು ಕೃತಕ ಬುದ್ಧಿಮತ್ತೆಯ ಸಾಧನಗಳು ನಿಮಿಷದಲ್ಲಿ ಪ್ಯಾಚ್ ಬರೆದುಕೊಡುತ್ತವೆ. ನಾನು ಹಾಕಿದ ಆ ಎರಡು ಸಾಲಿನ ತಪಾಸಣೆಯನ್ನು ಅವು ನನಗಿಂತ ಅಂದವಾಗಿ ಬರೆಯಬಲ್ಲವು. ಬಳಸಬೇಡಿ ಎಂದು ಹೇಳುವುದಿಲ್ಲ. ಕೆಳಗಿನ ಸಹಿ ನಿಮ್ಮದು ಎಂಬುದನ್ನು ಮರೆಯಬೇಡಿ. ‘ಸೊನ್ನೆಯಾದದ್ದು ಏಕೆ?’ ಎಂಬ ಪ್ರಶ್ನೆಗೆ ನಿಮ್ಮ ಬಾಯಿಂದ ಉತ್ತರ ಬರುವವರೆಗೆ ಕಳುಹಿಸಬೇಡಿ.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ನಿರ್ವಾಹಕರಿಗೆ ಬರೆದ ಮೊದಲ ಪತ್ರವನ್ನು ನಿಘಂಟು ಇಟ್ಟುಕೊಂಡು ಬರೆದೆ. ನನ್ನ ಇಂಗ್ಲಿಷನ್ನು ಯಾರೂ ಆಡಿಕೊಳ್ಳಲಿಲ್ಲ, ಕಾರಣ ಏನೆಂದು ಮಾತ್ರ ಕೇಳಿದರು. ಬೇಕಾಗುವುದು ಸಿ ಭಾಷೆ, ಒಂದು ಹಳೆಯ ಕಂಪ್ಯೂಟರ್, ಕ್ಯೂಎಂಯು ಎಂಬ ಉಚಿತ ತಂತ್ರಾಂಶ. ಅದರೊಳಗೆ ಕರ್ನಲನ್ನು ಎಷ್ಟು ಸಲ ಬೀಳಿಸಿದರೂ ನಿಜವಾದ ಯಂತ್ರಕ್ಕೆ ಏನೂ ಆಗುವುದಿಲ್ಲ. ಕರ್ನಲಿನ ದೋಷಗಳನ್ನು ತಾನೇ ಹುಡುಕಿ ಪ್ರಕಟಿಸುವ ಸಿಜ್‌ಬಾಟ್ ಎಂಬ ವ್ಯವಸ್ಥೆ 2017ರಿಂದ ಇದೆ. ಅದರ ಪಟ್ಟಿಯಲ್ಲಿ ಕಾಯುತ್ತಿರುವ ದೋಷಗಳನ್ನು ಯಾರು ಬೇಕಾದರೂ ಕೈಗೆತ್ತಿಕೊಳ್ಳಬಹುದು. ಲಿನಕ್ಸ್ ಫೌಂಡೇಶನ್ ಕರ್ನಲ್ ದೋಷ ಸರಿಪಡಿಸುವುದಕ್ಕೆಂದೇ ಮಾರ್ಗದರ್ಶನ ನಡೆಸುತ್ತಾ ಬಂದಿದೆ. ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸಬೇಕಾದ ಔಟ್‌ರೀಚಿ ಎಂಬ ಕಾರ್ಯಕ್ರಮದಲ್ಲಿ ಲಿನಕ್ಸ್ ಕರ್ನಲ್ 2013ರಲ್ಲಿ ಸೇರಿಕೊಂಡಿತು. ಅದರ ತರಬೇತಿಗೆ ಆಯ್ಕೆಯಾದವರಿಗೆ ಭತ್ಯೆ ಕೊಡುತ್ತಾರೆ, ಕೆಲಸ ಮನೆಯಿಂದಲೇ ಮಾಡಬಹುದು.

ಸಂಘದ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಲ್ಯಾಬಿನಲ್ಲಿ ಮೂಲೆಗೆ ಸೇರಿದ ಹಳೆಯ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕಬೇಡಿ. ಎರಡು ಮೂರನ್ನು ಮಕ್ಕಳಿಗೆ ಬಿಚ್ಚಲು, ಕೆಡಿಸಲು, ಮತ್ತೆ ನಿಲ್ಲಿಸಲು ಬಿಟ್ಟುಕೊಡಿ. ಅವರು ಎಷ್ಟು ಬೇಗ ಸರಿಪಡಿಸಿದರು ಎಂದು ಕೇಳುವ ಬದಲು, ಏಕೆ ಕೆಟ್ಟಿತ್ತು ಎಂದು ಕೇಳಿ. ಈ ಲ್ಯಾಬಿನಿಂದ ಮೊದಲ ಪ್ಯಾಚ್ ಹೋದ ದಿನ ನನಗೆ ತಿಳಿಸಿ. ಒಂದೇ ಸಾಲಿನದಾದರೂ ಸರಿ, ನಾನು ಬಂದು ಆ ವಿದ್ಯಾರ್ಥಿಯ ಬಾಯಿಂದ ಅದರ ಕಾರಣವನ್ನು ಕೇಳುತ್ತೇನೆ.